ಎಡಗಡೆ ನಿನ್ನದು

ನಮ್ಮ ಅಡುಗೆಮನೆಯ ಮೇಜಿಗೆ ನಾಲ್ಕು ಕುರ್ಚಿಗಳಿದ್ದವು. ನಾಲ್ಕೂ ಒಟ್ಟಿಗೆ ತುಂಬಿದ ದಿನಗಳು ಕಡಿಮೆ. ಲೀಡ್ಸಿನ ಹೆಡಿಂಗ್ಲೀಯ ಇಟ್ಟಿಗೆಯ ಸಾಲುಮನೆಗಳಲ್ಲಿ ಅಡುಗೆಮನೆ ಹಿಂಬದಿಗಿರುತ್ತದೆ. ನಮ್ಮದಕ್ಕೆ ಒಂದೇ ಕಿಟಕಿ, ಕಿಟಕಿಯಾಚೆ ಕಸದ ಡಬ್ಬಿಗಳು ಸಾಲಾಗಿ ನಿಂತ ಓಣಿ. ಮೇಜಿನ ಒಂದು ತುದಿಗೆ ಅಪ್ಪ ಕೂರುತ್ತಿದ್ದ, ಅವನೆದುರು ನಾನು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಹನ್ನೆರಡು ಗಂಟೆಯ ಶಿಫ್ಟು, ವಾರಕ್ಕೊಮ್ಮೆ ಬದಲಾಗುವ ಪಾಳಿ. ಹಾಗಾಗಿ ಅವಳ ಕುರ್ಚಿಯ ಮೇಲೆ ಹೆಚ್ಚಾಗಿ ಒಗೆದ ಬಟ್ಟೆಯ ರಾಶಿ ಕೂತಿರುತ್ತಿತ್ತು. ಅಜ್ಜಿಯ ಕುರ್ಚಿ ಹೆಸರಿಗೆ ಮಾತ್ರ. ಅಜ್ಜಿ ಅಮ್ಮನ ತಾಯಿ, ಮೈಸೂರಿನವಳು, ನಾನು ಹುಟ್ಟಿದಾಗ ಬಾಣಂತನಕ್ಕೆಂದು ಬಂದು ನಮ್ಮಲ್ಲೇ ಉಳಿದವಳು. ಅಳಿಯ ಊಟಕ್ಕೆ ಕೂತಾಗ ಅತ್ತೆ ಎದುರಿಗೆ ಕೂರುವುದು ಅವಳು ಕಲಿತ ಮರ್ಯಾದೆಯಲ್ಲಿ ಇರಲಿಲ್ಲ. ಒಲೆಯ ಪಕ್ಕ ಸೌಟು ಹಿಡಿದು ನಿಂತೇ ಇರುತ್ತಿದ್ದಳು. ಅಳಿಯ ಜಪಾನಿನವನು ಎಂಬುದರಿಂದ ಈ ನಿಯಮಕ್ಕೆ ಯಾವ ರಿಯಾಯಿತಿಯೂ ಸಿಕ್ಕಿರಲಿಲ್ಲ. ಅವಳು ಅವನೊಡನೆ ನೇರವಾಗಿ ಮಾತೂ ಆಡುತ್ತಿರಲಿಲ್ಲ. ಆಡಬೇಕಾದ್ದನ್ನು ನನಗೆ ಹೇಳುತ್ತಿದ್ದಳು.

"ಕೇಳು ಪುಟ್ಟಿ, ಅಳಿಯಂದ್ರಿಗೆ ಇನ್ನೊಂದು ಚಪಾತಿ ಹಾಕ್ಲಾ ಅಂತ."

ಅಪ್ಪ ಅವಳಿಂದ ಮೂರು ಹೆಜ್ಜೆ ದೂರದಲ್ಲಿ ಕೂತಿರುತ್ತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು. ಇಂಗ್ಲಿಷಿಗಿಂತ ಕನ್ನಡವೇ ಬೇಗ ಬಂತು ಎನ್ನುತ್ತಿದ್ದ; ಜಪಾನಿಯಲ್ಲಿ ವಾಕ್ಯದ ಕೊನೆಗೆ ಬರುವುದು ಕನ್ನಡದಲ್ಲೂ ಕೊನೆಗೇ ಬರುತ್ತದೆ, ಇಂಗ್ಲಿಷ್ ಮಾತ್ರ ತಲೆಕೆಳಗು ಎಂಬುದು ಅವನ ದೂರು. ಆದರೂ ಅತ್ತೆಯ ಪದ್ಧತಿ ಮುರಿಯಬಾರದೆಂದು ಅವನೂ ನನ್ನ ಕಡೆಗೇ ತಿರುಗಿ ಉತ್ತರ ಕೊಡುತ್ತಿದ್ದ.

"ಅಜ್ಜಿಗೆ ಹೇಳು. ಒಂದು ಸಾಕು. ತುಂಬಾ ಚೆನ್ನಾಗಿದೆ."

"ಚೆನ್ನಾಗಿದ್ರೆ ಒಂದೇ ಯಾಕೆ ಸಾಕು ಅಂತ ಕೇಳು."

ಹೀಗೆ ಇಬ್ಬರು ದೊಡ್ಡವರ ನಡುವೆ ನಾನೊಂದು ಕಿಟಕಿಯಂತೆ ಕೂತಿರುತ್ತಿದ್ದೆ. ಈ ಅಧ್ಯಾಯದಲ್ಲಿ ನಾನು ಬರೆಯಹೊರಟಿರುವುದು ಹತ್ತು ವಾರಗಳ ಸಂಗತಿ ಮಾತ್ರ, ಒಂದು ಸಂಕ್ರಾಂತಿಯಿಂದ ಯುಗಾದಿಯವರೆಗೆ. ನನಗೆ ಆಗ ಹತ್ತು ವರ್ಷ. ಆ ವಾರಗಳನ್ನು ನೆನೆದರೆ ಈಗಲೂ ನನ್ನ ಎಡ ಕೆನ್ನೆ ಬಿಗಿಯುತ್ತದೆ. ಆದ್ದರಿಂದ ನಿಧಾನವಾಗಿ, ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ನಾನು ನೋಡದೆ ಇದ್ದದ್ದನ್ನು ನೋಡಿದೆ ಎನ್ನುವುದಿಲ್ಲ.

ಮೊದಲು ಅಪ್ಪ ಏನಾಗಿದ್ದ ಎಂದು ಹೇಳಬೇಕು. ಅವನು ಜಪಾನಿನಲ್ಲಿ ಹದಿನಾಲ್ಕು ವರ್ಷ ಸಂಬಳಕ್ಕೆ ಬೇಸ್‌ಬಾಲ್ ಆಡಿದವನು. ಹದಿನೆಂಟಕ್ಕೆ ಒಂದು ತಂಡ ಅವನನ್ನು ಆರಿಸಿಕೊಂಡಿತು. ಆರು ವರ್ಷ ಆ ತಂಡದ ಎರಡನೆಯ ದರ್ಜೆಯಲ್ಲಿ, ನೋಡಲು ಜನವಿಲ್ಲದ ಮೈದಾನಗಳಲ್ಲಿ ಕಳೆದ. ಆಮೇಲೆ ಐದು ವರ್ಷ ಮೊದಲ ದರ್ಜೆಯಲ್ಲಿ, ಎರಡನೆಯ ಬೇಸಿನ, ಅಂದರೆ ಓಟಗಾರರು ಮುಟ್ಟಿ ಓಡುವ ಎರಡನೆಯ ಗುರುತಿನ, ಕಾವಲಿಗೆ. ಕೊನೆಯ ಮೂರು ವರ್ಷ ಮೇಲೆ ಕೆಳಗೆ, ಮೇಲೆ ಕೆಳಗೆ. ಬ್ಯಾಟು ಬೀಸಿ ಹೆಸರು ಮಾಡಿದವನಲ್ಲ. ಮೈದಾನದ ಒಳಭಾಗದ ಕೆಂಪು ಮಣ್ಣಿನಲ್ಲಿ ನಿಂತು, ನೆಲಕ್ಕೆ ಬಡಿದು ಹಾರಿ ಬರುವ ಚೆಂಡನ್ನು ಬಾಚಿ ಹಿಡಿದು ಎಸೆಯುವುದು ಅವನ ಕಸುಬು. ಅಂಥವರನ್ನು ಇನ್‌ಫೀಲ್ಡರ್ ಎನ್ನುತ್ತಾರೆ. ಅಜ್ಜಿಗೆ ಕ್ರಿಕೆಟ್ ಗೊತ್ತಿತ್ತು. ಅವಳು ಅದರ ಮೂಲಕವೇ ಅಳೆಯುತ್ತಿದ್ದಳು.

"ಕೇಳು ಪುಟ್ಟಿ, ಕ್ರಿಕೆಟ್ಟಲ್ಲಿ ಸ್ಲಿಪ್ಪಲ್ಲಿ ನಿಲ್ತಾರಲ್ಲ, ಹಾಗಾ ಇವ್ರು?"

"ಅಜ್ಜಿಗೆ ಹೇಳು. ಸ್ಲಿಪ್ ನಿಂತ್ಕೊಳ್ತಾರೆ. ನಾನು ಓಡ್ತೀನಿ."

"ಓಡೋದಾದ್ರೆ ಸರಿ. ಸುಮ್ನೆ ನಿಂತ್ಕೊಂಡು ಸಂಬಳ ತಗೊಳ್ಳೋರನ್ನ ಕಂಡ್ರೆ ನಂಗಾಗಲ್ಲ."

ಆ ಐದು ವರ್ಷಗಳ ಜಾಗ ಅವನಿಗೆ ಹೇಗೆ ಸಿಕ್ಕಿತು ಎಂಬ ಕತೆಯನ್ನು ಅವನು ನನಗೆ ಎಷ್ಟೋ ಸಲ ಹೇಳಿದ್ದ. ಹೇಳುವಾಗ ನಗುತ್ತಿರಲಿಲ್ಲ. ಅವನಿಗಿಂತ ಹಿರಿಯನಾದ ಒಬ್ಬ ಆ ಜಾಗದಲ್ಲಿ ಆಡುತ್ತಿದ್ದ. ಒಂದು ಮಧ್ಯಾಹ್ನ ಆತ ತನ್ನ ಬಲಗೈ ಬೆರಳಿನ ಉಗುರು ಸೀಳಿದೆಯೆಂದು ತರಬೇತುದಾರನಿಗೆ ತೋರಿಸಿದ. ಇವತ್ತು ಕೂತುಕೊ ಎಂದರು. ಆತನ ಬದಲು ಅಪ್ಪನನ್ನು ಕಳಿಸಿದರು. ಆತ ಮತ್ತೆ ಆ ಜಾಗಕ್ಕೆ ಬರಲೇ ಇಲ್ಲ. ಮುಂದಿನ ವರ್ಷ ಪೆಟ್ರೋಲ್ ಬಂಕೊಂದರಲ್ಲಿ ಕೆಲಸಕ್ಕಿದ್ದ, ಅಪ್ಪ ಅಲ್ಲಿಗೇ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿ ನೋಡಿದ. ಆತ ಟೋಪಿ ತೆಗೆದು ನಮಸ್ಕಾರ ಮಾಡಿದನಂತೆ. ಆತ ಉಗುರು ತೋರಿಸದೇ ಇದ್ದಿದ್ದರೆ ಅಪ್ಪ ಇನ್ನೂ ಎರಡನೆಯ ದರ್ಜೆಯಲ್ಲೇ ಇರುತ್ತಿದ್ದ. ಇದರಿಂದ ಅಪ್ಪ ಕಲಿತದ್ದು ಒಂದೇ. ಕಾಲ್ಬೆರಳು ಮುರಿದಾಗ ಮೂರು ವಾರ ಹೇಳದೆ ಆಡಿದ. ಭುಜ ಹೋದಾಗ ಒಂದು ಇಡೀ ಋತು ಹೇಳದೆ ಆಡಿದ. ಕೊನೆಗೆ ಅವನು ಎಸೆದ ಚೆಂಡು ಮೊದಲ ಬೇಸಿಗೆ ತಲುಪದೆ ನೆಲ ಕಚ್ಚತೊಡಗಿದಾಗ ಎಲ್ಲರಿಗೂ ತಾನಾಗಿಯೇ ತಿಳಿಯಿತು. ಶರತ್ಕಾಲದಲ್ಲಿ ಟೈ ಕಟ್ಟಿಕೊಂಡು ಆಫೀಸಿಗೆ ಬಾ ಎಂದು ಕರೆಸಿ, ನಾಲ್ಕು ನಿಮಿಷದಲ್ಲಿ ಕಳಿಸಿಬಿಟ್ಟರು. ಆಗ ಅವನಿಗೆ ಮೂವತ್ತೆರಡು. ಒಂದು ವರ್ಷ ಇಂಗ್ಲಿಷ್ ಕಲಿಯುತ್ತೇನೆಂದು ಲೀಡ್ಸಿಗೆ ಬಂದ. ಬಾಡಿಗೆ ಮನೆಯ ಪಕ್ಕದ ಕೋಣೆಯಲ್ಲಿ ನರ್ಸಿಂಗ್ ಓದುತ್ತಿದ್ದ ಅಮ್ಮ ಇದ್ದಳು.

ಲೀಡ್ಸಿನಲ್ಲಿ ವಾರದ ದಿನಗಳಲ್ಲಿ ಅವನು ಒಂದು ಶಾಲೆಯಲ್ಲಿ ಆಟದ ಸಹಾಯಕ, ನಡೆದೇ ಹೋಗುತ್ತಿದ್ದ. ಶನಿವಾರ ಮಾತ್ರ ಕಾರು ತೆಗೆದು ಮ್ಯಾಂಚೆಸ್ಟರಿನ ಒಂದು ಪಾರ್ಕಿಗೆ ಹೋಗಿ ಅಲ್ಲಿನ ಸಣ್ಣ ಕ್ಲಬ್ಬಿಗೆ ಬೇಸ್‌ಬಾಲ್ ಹೇಳಿಕೊಡುತ್ತಿದ್ದ. ಹೆಚ್ಚುಕಡಿಮೆ ಪುಕ್ಕಟೆ ಕೆಲಸ. ಆ ಚಳಿಗಾಲ ಕ್ಲಬ್ಬಿನವರು ಅವನಿಗೊಂದು ಮಾತು ಕೊಟ್ಟಿದ್ದರು: ಏಪ್ರಿಲ್‌ನಿಂದ ಪೂರ್ತಿ ಕೆಲಸ, ಪೂರ್ತಿ ಸಂಬಳ, ತಂಡವನ್ನು ಊರೂರಿಗೆ ಕರೆದುಕೊಂಡು ಹೋಗುವ ವ್ಯಾನನ್ನೂ ಅವನೇ ಓಡಿಸಬೇಕು. ಹತ್ತು ವರ್ಷಗಳ ಮೇಲೆ ಬೇಸ್‌ಬಾಲ್ ಮತ್ತೆ ಅವನನ್ನು ಕೆಲಸಕ್ಕೆ ಕರೆದಿತ್ತು. ಆ ದಿನ ಅವನು ಮೆಟ್ಟಿಲ ಕೆಳಗಿನ ಬೀರುವಿನಿಂದ ಹಳೆಯ ಕೈಗವಸು ತೆಗೆದು, ಅಡುಗೆಮನೆಯ ಮೇಜಿನ ಮೇಲಿಟ್ಟು ಎಣ್ಣೆ ತಿಕ್ಕಿದ. ಚರ್ಮ ಮೇಜಿನ ಮೇಲೆ ಇಟ್ಟದ್ದಕ್ಕೆ ಅಜ್ಜಿ ಆಮೇಲೆ ಮೂರು ಸಲ ಮೇಜು ತೊಳೆದಳು. ಆದರೆ ಅವನ ಎದುರು ಏನೂ ಅನ್ನಲಿಲ್ಲ.

ಸಂಕ್ರಾಂತಿಯ ದಿನ ಅಪ್ಪನಿಗೆ ತಲೆನೋವು ಬಂತು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು, ಸ್ವಲ್ಪ ಮಲಗುತ್ತೇನೆ ಎಂದು ಮುಂದಿನ ಕೋಣೆಯ ಸೋಫಾದಲ್ಲಿ ಮಲಗಿದ. ಅಮ್ಮ ಶಿಫ್ಟಿನಲ್ಲಿದ್ದಳು. ನಾನು ನೀರು ತಂದುಕೊಟ್ಟೆ. ಲೋಟವನ್ನು ಅವನ ಎಡಗಡೆಯ ಸ್ಟೂಲಿನ ಮೇಲಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವನು ನೀರು ಕೇಳಿದ. ಅಲ್ಲೇ ಇದೆಯಲ್ಲ ಎಂದೆ. ಅವನು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಲೋಟವನ್ನು ಯಾರೋ ಆಗ ತಾನೇ ತಂದಿಟ್ಟಂತೆ ನೋಡಿದ. ಇದು ನಾನು ಕಂಡ ಮೊದಲ ಸಂಗತಿ. ಆಗ ಅದಕ್ಕೆ ಏನೂ ಅರ್ಥ ಇರಲಿಲ್ಲ.

ಎರಡನೆಯದು ತಟ್ಟೆ. ಅಜ್ಜಿ ಸ್ಟೀಲ್ ತಟ್ಟೆಯಲ್ಲೂ ಬಾಳೆಯೆಲೆಯ ಕ್ರಮವನ್ನು ಬಿಟ್ಟವಳಲ್ಲ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಡಕ್ಕೆ, ಪಲ್ಯ ಬಲಕ್ಕೆ, ನಡುವೆ ಅನ್ನ. ಆ ವಾರ ಅಪ್ಪ ಊಟ ಮುಗಿಸಿ ಎದ್ದರೆ ತಟ್ಟೆಯ ಎಡ ಅರ್ಧ ಹಾಗೇ ಇರುತ್ತಿತ್ತು. ಅನ್ನದ ಗುಡ್ಡೆಯ ನಟ್ಟನಡುವೆ ಚಾಕುವಿನಿಂದ ಕತ್ತರಿಸಿದಂತೆ ಒಂದು ಗೆರೆ. ಗೆರೆಯ ಈಚೆ ಖಾಲಿ, ಆಚೆ ಕೋಸಂಬರಿ ಮುಟ್ಟಿಯೇ ಇಲ್ಲ. ಮೊದಲ ದಿನ ಅಜ್ಜಿಗೆ ಬೇಜಾರಾಯಿತು.

"ಕೇಳು ಪುಟ್ಟಿ, ಹೆಸರುಬೇಳೆ ನೆನೆದಿಲ್ವಾ? ಉಪ್ಪು ಜಾಸ್ತಿ ಆಯ್ತಾ?"

"ಅಜ್ಜಿಗೆ ಹೇಳು. ಎಲ್ಲಾ ತಿಂದೆ. ತುಂಬಾ ಚೆನ್ನಾಗಿದೆ."

ಅಜ್ಜಿ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ, ಅವನು ಕೈ ತೊಳೆಯಲು ಏಳುವ ಮೊದಲು, ಅವಳು ಒಲೆಯ ಬಳಿಯಿಂದ ಬಂದು ಮೇಜಿನ ಪಕ್ಕ ನಿಂತಳು. ತಟ್ಟೆಯ ಅಂಚನ್ನು ಎರಡು ಬೆರಳಿನಿಂದ ಹಿಡಿದು, ಬೀಸುಕಲ್ಲು ತಿರುಗಿಸುವ ಹಾಗೆ ಅರ್ಧ ಸುತ್ತು ತಿರುಗಿಸಿದಳು. ಎಡದಲ್ಲಿದ್ದ ಕೋಸಂಬರಿ ಬಲಕ್ಕೆ ಬಂತು. ಅಪ್ಪ ಬೆಚ್ಚಿ ಹಿಂದೆ ಸರಿದ. ಖಾಲಿ ತಟ್ಟೆಯಲ್ಲಿ ಇದ್ದಕ್ಕಿದ್ದಂತೆ ಊಟ ಹುಟ್ಟಿಕೊಂಡಿತ್ತು. ಅವನು ತುಂಬ ಹೊತ್ತು ಅದನ್ನೇ ನೋಡಿದ. ಆಮೇಲೆ ಒಂದು ಕಾಳೂ ಬಿಡದೆ ತಿಂದು, ಎದ್ದು, ಅಜ್ಜಿಗೆ ಸೊಂಟದವರೆಗೆ ಬಾಗಿ ನಮಸ್ಕರಿಸಿದ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಮರುದಿನದಿಂದ ಅಜ್ಜಿ, ಅರವತ್ತು ವರ್ಷ ಪಾಲಿಸಿದ ಕ್ರಮ ಬಿಟ್ಟು, ಅವನಿಗೆ ಎಲ್ಲವನ್ನೂ ಬಲಗಡೆಯೇ ಬಡಿಸತೊಡಗಿದಳು. ಕಾಫಿ ಬಲಕ್ಕೆ, ನೀರು ಬಲಕ್ಕೆ. ಬಾಗಿಲ ಎಡಕ್ಕಿದ್ದ ಛತ್ರಿಯ ಬುಟ್ಟಿ ಒಂದು ಬೆಳಿಗ್ಗೆ ಜಾಗ ಬದಲಿಸಿತ್ತು. ಅಳಿಯನ ಕುಂದನ್ನು ಬಾಯಿಬಿಟ್ಟು ಹೇಳುವುದು ಅವಳಿಂದ ಆಗದ ಕೆಲಸ; ಅದನ್ನು ಕಾಣದಂತೆ ಮಾಡುವುದು ಅವಳಿಗೆ ಗೊತ್ತಿದ್ದ ಮರ್ಯಾದೆ. ಅಮ್ಮ ಮನೆಯಲ್ಲಿ ಕೂತು ಉಂಡ ನಾಲ್ಕೈದು ದಿನಗಳಲ್ಲೂ ಅಪ್ಪನ ತಟ್ಟೆಯ ಬಲ ಅರ್ಧ ಚೊಕ್ಕವಾಗಿ ಖಾಲಿಯಾಯಿತು, ಎಡ ಅರ್ಧದಲ್ಲಿ ಮೊದಲಿಂದಲೇ ಏನೂ ಇರಲಿಲ್ಲ.

ಮೂರನೆಯದು ಕಾರು. ಆ ಶನಿವಾರ ಮ್ಯಾಂಚೆಸ್ಟರಿಗೆ ಹೊರಟು ಇನ್ನೂ ನಮ್ಮ ಬೀದಿ ದಾಟಿರಲಿಲ್ಲ, ಎಡಗಡೆ ನಿಲ್ಲಿಸಿದ್ದ ಒಂದು ವ್ಯಾನಿಗೆ ನಮ್ಮ ಕಾರಿನ ಎಡಗನ್ನಡಿ ಬಡಿದು ಮಡಚಿಕೊಂಡಿತು. ಎಡಗಡೆಯ ಸೀಟಿನಲ್ಲಿ ಮಕ್ಕಳನ್ನು ಎತ್ತರಿಸುವ ಬೂಸ್ಟರ್ ದಿಂಬಿನ ಮೇಲೆ ಕೂತಿದ್ದವಳು ನಾನು. ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆಯಿತು. ಅಪ್ಪ ಕಾರು ನಿಲ್ಲಿಸಿ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು ಕೂತ. ನಾನು ಇಳಿದು ಕನ್ನಡಿ ಬಿಡಿಸಿ ನೋಡಿದೆ, ಗಾಜು ಒಡೆದಿರಲಿಲ್ಲ. ಒಳಗೆ ಬಂದು ಕೂತಾಗ ಅವನು ಎದುರಿನ ರಸ್ತೆಯನ್ನೇ ನೋಡುತ್ತ ಹೇಳಿದ.

"ಮೀನಾ. ಗ್ರೌಂಡಲ್ಲಿ ಎಲ್ಲಾ ಒಬ್ಬನೇ ನೋಡೋದಿಲ್ಲ. ಆ ಕಡೆ ಒಬ್ಬ, ಈ ಕಡೆ ಒಬ್ಬ. ನೋಡಿದವನು ಕೂಗ್ತಾನೆ. ಬಲಗಡೆ ನಂದು. ಎಡಗಡೆ ನಿನ್ನದು."

"ಯಾಕಪ್ಪಾ? ಕಣ್ಣು ನೋಯ್ತಿದ್ಯಾ?"

"ನೋವಿಲ್ಲ. ನೋವಿದ್ರೆ ಗೊತ್ತಾಗ್ತಿತ್ತು." ಸ್ವಲ್ಪ ತಡೆದು ಹೇಳಿದ: "ಅಮ್ಮಂಗೆ ಬೇಡ. ಏಪ್ರಿಲ್ ತನಕ ಬೇಡ. ಏಪ್ರಿಲ್ ಆದ್ಮೇಲೆ ನಾನೇ ಹೇಳ್ತೀನಿ."

ನಾನು ಒಪ್ಪಿದೆ. ಹೆಮ್ಮೆಯಿಂದಲೇ ಒಪ್ಪಿದೆ ಎಂದು ಬರೆಯಬೇಕು, ಯಾಕೆಂದರೆ ಅದು ನಿಜ. ಮೊದಲ ಒಂದೆರಡು ಮೈಲಿ ಅದು ಆಟವೇ ಆಗಿತ್ತು. ಸೈಕಲ್ ಎಂದೆ, ಬಸ್ ಎಂದೆ, ನಾಯಿ ಎಂದೆ. ಪ್ರತಿ ಕೂಗಿಗೂ ಅವನು ಹಾಂ ಎಂದ. ಲೀಡ್ಸಿನ ಹೊರಗಿನ ಹೆದ್ದಾರಿ, ಮೋಟಾರ್‌ವೇ, ಹತ್ತಿದಾಗ ಅದು ಆಟವಾಗಿ ಉಳಿಯಲಿಲ್ಲ. ಈ ದೇಶದಲ್ಲಿ ಮೋಟಾರ್‌ವೇಗೆ ಸೇರಿಕೊಳ್ಳುವ ಗಾಡಿಗಳೆಲ್ಲ ಎಡದಿಂದ ಬರುತ್ತವೆ. ಬೆಟ್ಟದ ಮೇಲೆ ಮಂಜು ಕವಿದಿತ್ತು. ಒಂದು ಲಾರಿ ಎಡಗಡೆಯ ಇಳಿಜಾರಿನಿಂದ ಬಂದು ನನ್ನ ಕಿಟಕಿಯ ಸಮಕ್ಕೆ ಓಡತೊಡಗಿತು. ಅದರ ಗಾಲಿಯ ನಟ್ಟುಗಳನ್ನು ನಾನು ಎಣಿಸಬಹುದಾಗಿತ್ತು. ಲಾರಿ, ಲಾರಿ, ಲಾರಿ ಎಂದೆ. ಅಪ್ಪ ಹಾಂ ಎಂದ, ಆದರೆ ನಮ್ಮ ಕಾರು ಅದರ ಕಡೆಗೆ ಸರಿಯುತ್ತಿತ್ತೋ ಅದು ನಮ್ಮ ಕಡೆಗೋ ನನಗೆ ತಿಳಿಯಲಿಲ್ಲ. ಆವತ್ತಿನಿಂದ ಭಯ ನನ್ನ ಎಡ ಕೆನ್ನೆಯಲ್ಲಿ ಕೂತಿತು. ಹೊಟ್ಟೆಯಲ್ಲಲ್ಲ, ಎದೆಯಲ್ಲಲ್ಲ. ಬಸ್ಸಿನಲ್ಲಿ, ಶಾಲೆಯ ಸಾಲಿನಲ್ಲಿ, ಎಲ್ಲಿದ್ದರೂ ಆ ಕೆನ್ನೆಗೆ ಏನೋ ಹತ್ತಿರ ಬರುತ್ತಿದೆ ಎನ್ನಿಸುತ್ತಿತ್ತು.

ಪಾರ್ಕಿನಲ್ಲೂ ನಾನು ಅವನ ಎಡಕ್ಕೇ ನಿಲ್ಲುತ್ತಿದ್ದೆ. ಅವನು ಬ್ಯಾಟಿನಿಂದ ಚೆಂಡನ್ನು ನೆಲಕ್ಕೆ ಹೊಡೆಯುತ್ತಿದ್ದ, ಹುಡುಗರು ಬಾಚಿ ವಾಪಸ್ ಎಸೆಯುತ್ತಿದ್ದರು. ಒಮ್ಮೆ ಎಡದಿಂದ ಬಂದ ಚೆಂಡು ಅವನ ಭುಜಕ್ಕೆ ಬಡಿಯಿತು. ಹುಡುಗರು ಹೋ ಎಂದರು. ಅವನು ಬೇಕೆಂದೇ ಮಾಡಿದವನಂತೆ ನೆಲಕ್ಕೆ ಬಿದ್ದು ಹೊರಳಾಡಿ ನಗಿಸಿದ. ಎಲ್ಲರೂ ನಕ್ಕರು. ಅವನು ಏಳುವಾಗ ನನ್ನ ಹೆಗಲು ಹಿಡಿದು ಎದ್ದ, ಆ ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

ಫೆಬ್ರುವರಿಯ ಕೊನೆಯ ಒಂದು ಶನಿವಾರ, ಇನ್ನೂ ಬೆಳಕಿರುವಾಗಲೇ ನಾವು ಹಿಂತಿರುಗುತ್ತಿದ್ದೆವು. ಮೋಟಾರ್‌ವೇ ಮುಗಿದಿತ್ತು, ಮನೆ ಐದು ನಿಮಿಷ. ನನಗೆ ಹಸಿವಾಗಿತ್ತು. ಅಜ್ಜಿ ಕೊಟ್ಟ ಡಬ್ಬಿಯಲ್ಲಿ ಒಂದು ಕೋಡುಬಳೆ ಉಳಿದಿತ್ತು. ಮುಚ್ಚಳ ಬಿಗಿಯಾಗಿತ್ತು, ನಾನು ತಲೆ ತಗ್ಗಿಸಿ ಅದನ್ನು ಬಿಚ್ಚುತ್ತಿದ್ದೆ. ಅಪ್ಪ ನಮ್ಮ ಬೀದಿಗೆ ಎಡಕ್ಕೆ ತಿರುಗಿಸಿದ. ಒಂದು ಸದ್ದು, ಮೆತ್ತಗಿನದು, ದಿಂಬಿಗೆ ಬಡಿದಂತೆ. ತಲೆ ಎತ್ತಿದರೆ ನನ್ನ ಕಿಟಕಿಯಾಚೆ ಒಂದು ಮುಖ ಇತ್ತು. ಇಪ್ಪತ್ತರ ಆಸುಪಾಸಿನ ಹುಡುಗಿ, ವಿದ್ಯಾರ್ಥಿನಿ ಇರಬೇಕು. ಅವಳ ಕೈಚೀಲ ಕನ್ನಡಿಗೆ ಸಿಕ್ಕಿ ಹರಿದಿತ್ತು. ಹಾಲಿನ ಡಬ್ಬ ಒಡೆದು ಹಾಲು ರಸ್ತೆಯ ಅಂಚಿಗೆ ಹರಿಯುತ್ತಿತ್ತು. ಮೊದಲು ಸಾರಿ ಅಂದದ್ದು ಅವಳೇ. ಇಲ್ಲಿಯ ಜನ ಹಾಗೇ, ತಮಗೆ ಗುದ್ದಿದವರಿಗೂ ತಾವೇ ಸಾರಿ ಹೇಳುತ್ತಾರೆ. ಅಪ್ಪ ಇಳಿದು ಬಾಗಿದ, ಮತ್ತೆ ಬಾಗಿದ, ಏಳೆಂಟು ಸಲ ಬಾಗಿದ. ಪರವಾಗಿಲ್ಲ, ಬರೀ ಹಾಲು ತಾನೇ ಎಂದು ಅವಳು ಹೇಳಿದಳು. ಹೇಳುವಾಗ ಅವಳ ತುಟಿ ಬಿಳಿಚಿಕೊಂಡಿತ್ತು, ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಅವಳು ಅಂಗಡಿಯ ಕಡೆಗೆ ಮತ್ತೆ ನಡೆದು ಹೋಗುವುದನ್ನು ನಾನು ತಿರುವಿನವರೆಗೂ ನೋಡಿದೆ. ಕುಂಟುತ್ತಿದ್ದಳೇ? ಇಲ್ಲ ಎಂದುಕೊಂಡಿದ್ದೇನೆ. ಖಚಿತವಾಗಿ ಹೇಳಲಾರೆ.

ಅಪ್ಪ ಒಳಗೆ ಬಂದು ಕೂತ. ಬೈಯುತ್ತಾನೆ ಎಂದುಕೊಂಡೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನು ಕೂಗ್ಲಿಲ್ಲ," ಎಂದ.

ಅಷ್ಟೇ. ಮುಂದೆ ನನ್ನ ಕೆಲಸದಲ್ಲಿ, ಮದುವೆಯಲ್ಲಿ, ರಸ್ತೆ ದಾಟುವ ಪ್ರತಿ ಸಲದಲ್ಲಿ ನಾನು ಎಂಥವಳಾದೆನೋ ಅದಕ್ಕೆಲ್ಲ ಆ ಎರಡು ಪದಗಳ ಪಾಲಿದೆ. ಹತ್ತು ವರ್ಷದವಳ ಮೇಲೆ ಅಂಥ ಹೊರೆ ಹೊರಿಸಬಾರದಿತ್ತು ಎಂದು ಅಮ್ಮ ಆಮೇಲೆ ಎಷ್ಟೋ ವರ್ಷ ಹೇಳಿದಳು. ಅವಳು ಹೇಳಿದ್ದು ಸರಿ. ಆದರೆ ಆ ಹೊತ್ತಿನಲ್ಲಿ ನನಗೆ ಅದು ಹೊರೆಯಾಗಿ ಕಾಣಲಿಲ್ಲ. ನನ್ನ ಜಾಗಕ್ಕೆ ಬಂದ ಚೆಂಡನ್ನು ನಾನು ಬಿಟ್ಟಿದ್ದೆ, ಅಪ್ಪ ಅದನ್ನು ಹೇಳಿದ್ದ. ಮನೆಗೆ ಹೋಗಿ ಕೋಡುಬಳೆಯನ್ನು ಕಸದ ಡಬ್ಬಿಗೆ ಹಾಕಿದೆ. ಆಮೇಲೆ ಕಾರಿನಲ್ಲಿ ಏನನ್ನೂ ತಿನ್ನಲಿಲ್ಲ, ಸೀನು ಬಂದರೂ ಕಣ್ಣು ಮುಚ್ಚದಿರಲು ನೋಡುತ್ತಿದ್ದೆ. ಅಜ್ಜಿಗೆ ಹೇಳೋಣವೆಂದು ಒಮ್ಮೆ ಪ್ರಯತ್ನಪಟ್ಟೆ. ಅವಳು ಸಂಜೆ ನನಗೆ ಕನ್ನಡ ಬರೆಸುವ ಹೊತ್ತು ಅದು, ಇಬ್ಬರೇ ಇದ್ದೆವು.

"ಅಜ್ಜಿ, ಅಪ್ಪಂಗೆ..."

"ಗೊತ್ತು. ಬರಿ."

"ಅಮ್ಮಂಗೆ ಹೇಳ್ಬೇಕಾ?"

"ಅವ್ರ ವಿಷ್ಯ ಅವ್ರೇ ಹೇಳ್ಬೇಕು. ಅಳಿಯಂದ್ರ ಮೇಲೆ ನಾನು ಮಗಳ ಹತ್ರ ಚಾಡಿ ಹೇಳೋಕಾಗತ್ತಾ? ಬರಿ ಪುಟ್ಟಿ, ಅಕ್ಷರ ಸೊಟ್ಟ ಹೋಗ್ತಿದೆ."

ಆದರೆ ಅವಳಿಗೆ ಗೊತ್ತಿದ್ದದ್ದು ತಟ್ಟೆಯ ವಿಷಯ. ಕಾರಿನ ವಿಷಯ ಗೊತ್ತಿರಲಿಲ್ಲ. ಕಾರಿನ ವಿಷಯ ಗೊತ್ತಿದ್ದ ನನಗೆ ಆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದವಳು ಅಮ್ಮ ಒಬ್ಬಳೇ. ಅವಳು ಕೆಲಸ ಮಾಡುತ್ತಿದ್ದದ್ದು ಪಾರ್ಶ್ವವಾಯುವಿನ ವಾರ್ಡಿನಲ್ಲಿ. ಅರ್ಧ ತಟ್ಟೆ ಮಾತ್ರ ಉಣ್ಣುವ ರೋಗಿಗಳನ್ನು ವಾರವಾರವೂ ನೋಡುತ್ತಿದ್ದಳು. ಸಂಕ್ರಾಂತಿಯ ದಿನ ಅಪ್ಪನ ಮಿದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು, ಎರಡೂ ಕಣ್ಣಿನ ಎಡ ಅರ್ಧದ ನೋಟ ಆವತ್ತೇ ಹೋಗಿತ್ತು ಎಂದು ಆಮೇಲೆ ವೈದ್ಯರು ಹೇಳಿದರು. ಅದು ತಿರುಗಿ ಬರಲಿಲ್ಲ. ಲೈಸೆನ್ಸ್ ಹೋಯಿತು. ಮ್ಯಾಂಚೆಸ್ಟರಿನ ಕೆಲಸ ಅವನಿಗಿಂತ ಚಿಕ್ಕವನೊಬ್ಬನಿಗೆ ಹೋಯಿತು. ಮತ್ತೊಂದು ಅಂಥ ಹೊಡೆತ ಬೀಳದಂತೆ ಅವನು ಇವತ್ತಿಗೂ ದಿನಕ್ಕೆ ಮೂರು ಮಾತ್ರೆ ನುಂಗುತ್ತಾನೆ. ತಡವಾಗಿದ್ದರೆ ಎರಡನೆಯ ಹೊಡೆತವೇ ಸುದ್ದಿ ತಿಳಿಸುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಯುಗಾದಿಯ ಬೆಳಿಗ್ಗೆ ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಆ ವರ್ಷ ಯುಗಾದಿ ಅಮ್ಮನ ರಜೆಯ ದಿನ ಬಂತು. ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಎಲ್ಲರೂ ಹೋಗೋಣವೆಂದು ಅವಳೇ ಹೊರಡಿಸಿದಳು. ಎರಡು ಗಂಟೆಗೂ ಮೀರಿದ ದಾರಿ, ಹೆಚ್ಚುಪಾಲು ಮೋಟಾರ್‌ವೇ. ಅಮ್ಮನಿಗೆ ಮೋಟಾರ್‌ವೇಯಲ್ಲಿ ಓಡಿಸಲು ಇಷ್ಟವಿಲ್ಲ. ಅಪ್ಪ ಓಡಿಸುತ್ತಾನೆ ಎಂಬುದರ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಬೇವು ಬೆಲ್ಲ ತಿಂದು, ಪುಳಿಯೋಗರೆಯ ಡಬ್ಬಿ ಹಿಡಿದು ಬೀದಿಗೆ ಬಂದೆವು. ಅಜ್ಜಿ ರೇಷ್ಮೆ ಸೀರೆಯ ಮೇಲೆ ಅಮ್ಮನ ಹಳೆಯ ಚಳಿಗೋಟು ಹಾಕಿದ್ದಳು. ಅಪ್ಪ ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದ. ನಾನು ಯಾವತ್ತಿನಂತೆ ಮುಂದಿನ ಎಡ ಬಾಗಿಲಿಗೆ ಕೈ ಹಾಕಿದೆ.

"ಹಿಂದೆ ಹೋಗೇ," ಎಂದಳು ಅಮ್ಮ. "ನಾನಿದ್ದೀನಲ್ಲ ಮುಂದೆ."

ನಾನು ಕೈ ತೆಗೆಯಲಿಲ್ಲ.

"ಅಮ್ಮ, ಇವತ್ತು ಅಜ್ಜಿ ಜೊತೆ ನೀನು ಕೂತ್ಕೊ."

"ಯಾಕೆ, ನಾನೇನು ಕಚ್ತೀನಾ? ವಾರಕ್ಕೊಂದಿನ ಗಂಡನ ಪಕ್ಕ ಕೂರೋಕೂ ನಿನ್ನ ಪರ್ಮಿಷನ್ ಬೇಕಾ?"

"ಹಿಂದೆ ಕೂತ್ರೆ ನಂಗೆ ವಾಂತಿ ಬರತ್ತೆ."

"ಯಾವತ್ತೂ ಬಂದಿಲ್ಲ ಇವತ್ತು ಬರತ್ತಾ? ಹಬ್ಬದ ದಿನ ಹಠ ಮಾಡ್ಬೇಡ ಮೀನಾ, ಬಿಡು ಬಾಗ್ಲು."

ನಾನು ಕಿಟಕಿಯ ಗಾಜಿನ ಮೂಲಕ ಅಪ್ಪನನ್ನು ನೋಡಿದೆ. ನಾನು ನಿಂತಿದ್ದದ್ದು ಅವನ ಎಡಕ್ಕೆ. ಅವನಿಗೆ ಮಾತು ಕೇಳಿಸುತ್ತಿತ್ತು, ನಾನು ಕಾಣುತ್ತಿರಲಿಲ್ಲ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಗು ಮುಂದೆ ಕೂರಲಿ ಎಂದು. ಅವನು ಹೇಳಲಿಲ್ಲ. ಆಮೇಲೆ ಯೋಚಿಸಿದಾಗ ಅವನು ನಾನಿಲ್ಲದೆಯೂ ಆ ದಾರಿ ಓಡಿಸಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದ ಎಂದು ತಿಳಿಯುತ್ತದೆ. ಏಪ್ರಿಲ್‌ಗೆ ಇನ್ನು ನಾಲ್ಕೇ ದಿನ ಇತ್ತು. ಹಿಂದೆ ಅಜ್ಜಿ ಕೂತಾಗಿತ್ತು, ಡಬ್ಬಿ ತೊಡೆಯ ಮೇಲೆ. ಅಮ್ಮ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯಿಂದ ಬಿಡಿಸತೊಡಗಿದಳು. ಎಡಗಡೆ ಲಾರಿ ಬರುವುದನ್ನು, ಅದನ್ನು ನೋಡುತ್ತಿದ್ದರೂ ಕೂಗಬೇಕೆಂದು ಅಮ್ಮನಿಗೆ ಗೊತ್ತಿಲ್ಲದಿರುವುದನ್ನು ನಾನು ಮನಸ್ಸಿನಲ್ಲೇ ಪೂರ್ತಿಯಾಗಿ ಕಂಡೆ. ನಾನು ಹಾಗೆ ಕಂಡ ಕಾರಿನಲ್ಲಿ ನಾಲ್ವರೂ ಇದ್ದೆವು. ಕೊನೆಯ ಬೆರಳು ಬಿಡುವ ಮೊದಲು ಹೇಳಿಬಿಟ್ಟೆ.

"ಅಮ್ಮಾ, ಅಪ್ಪಂಗೆ ಎಡಗಡೆ ಕಾಣ್ಸಲ್ಲ."

ಅಮ್ಮ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವಳು ಅಪ್ಪನನ್ನಲ್ಲ, ಹಿಂದಿನ ಸೀಟಿನತ್ತ ನೋಡಿದಳು. ಅಜ್ಜಿ ಕಿಟಕಿ ಇಳಿಸಿದಳು.

"ಊಟ ನಾನೇ ಬಲಗಡೆ ಇಡ್ತಿದ್ದೆ ಕಣೇ," ಎಂದಳು ಅಜ್ಜಿ. "ಹೇಳೋದು ಹೇಗೆ ಅಂತ..."

"ಎಷ್ಟು ದಿನದಿಂದ?"

"ಸಂಕ್ರಾಂತಿಯಿಂದ."

ಅಮ್ಮ ಕಾರಿನ ಮುಂಭಾಗವನ್ನು ಸುತ್ತಿ ಅಪ್ಪನ ಬಾಗಿಲಿಗೆ ಹೋದಳು. ಓಡಲಿಲ್ಲ. ಬಾಗಿಲು ತೆರೆದು, ನನಗೆ ಪರಿಚಯವಿಲ್ಲದ ದನಿಯಲ್ಲಿ, ಬಹುಶಃ ವಾರ್ಡಿನ ದನಿಯಲ್ಲಿ, ಇಳಿಯಿರಿ ಎಂದಳು. ಅವನು ಎಂಜಿನ್ ಆರಿಸಿ ಕೀಲಿ ಎಡಗೈಗೆ ತೆಗೆದುಕೊಂಡು ಇಳಿದ. ಪಾದಚಾರಿ ದಾರಿಯಲ್ಲಿ ಇಬ್ಬರೂ ಎದುರುಬದುರಾಗಿ ನಿಂತರು. ನಾನು ಅಮ್ಮನ ಹಿಂದೆ ನಿಂತೆ. ಅಪ್ಪ ನನ್ನ ಮೇಲೆ ರೇಗಬಹುದು ಎಂಬ ಭಯ ಇತ್ತು. ಅವನು ನನ್ನ ಕಡೆ ನೋಡಲೇ ಇಲ್ಲ.

"ನನ್ನ ಮೂಗು ನೋಡಿ. ಮೂಗು ಮಾತ್ರ. ಕಣ್ಣು ಆಡಿಸ್ಬೇಡಿ." ಅವಳು ಅವನ ಬಲಕ್ಕೆ ಕೈ ಎತ್ತಿದಳು. "ಎಷ್ಟು ಬೆರಳು?"

"ಎರಡು."

ಸರಿ ಇತ್ತು. ಅವಳು ಇನ್ನೊಂದು ಕೈಯನ್ನು ಅವನ ಎಡಕ್ಕೆ ಎತ್ತಿದಳು. ಒಂದು ಬೆರಳು.

"ಎಷ್ಟು?"

ಅಪ್ಪ ಅವಳ ಮೂಗನ್ನೇ ನೋಡುತ್ತಿದ್ದ. ಆದರೆ ಅವನು ಗಮನಿಸುತ್ತಿದ್ದದ್ದು ಮೂಗನ್ನಲ್ಲ. ತನಗೆ ಕಾಣುವ ಕಡೆಯ ಅವಳ ಹೆಗಲು ಎಷ್ಟು ವಾಲಿತು, ಕೊರಳ ನರ ಎಷ್ಟು ಎಳೆಯಿತು ಎಂಬುದನ್ನು. ಹದಿನಾಲ್ಕು ವರ್ಷ ಎದುರಿನವರ ಹೆಗಲು ನೋಡಿ ಚೆಂಡು ಯಾವ ಕಡೆ ಬರುತ್ತದೆಂದು ಹೇಳಿದವನು ಅವನು.

"ಒಂದು," ಎಂದ.

ಅಮ್ಮ ಉಸಿರು ಬಿಟ್ಟಳು. ಅವಳ ಬೆನ್ನು ಸಡಿಲವಾದದ್ದು ನನಗೆ ಹಿಂದಿನಿಂದ ಕಾಣಿಸಿತು. ನಾನು ಸುಳ್ಳು ಹೇಳಿದೆನೇನೋ ಎಂದು ಒಂದು ಕ್ಷಣ ನನಗೇ ಅನ್ನಿಸಿತು. ಸುಳ್ಳಾಗಿದ್ದರೆ ಎಷ್ಟು ಚೆನ್ನ ಎಂದೂ ಅನ್ನಿಸಿತು. ಅಮ್ಮ ಆ ಕೈಯನ್ನು ಇಳಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಆಮೇಲೆ, ಯಾಕೋ ತಿಳಿಯದು, ಎರಡೂ ಹೆಗಲನ್ನು ಮಾತ್ರ ಮೇಲೆತ್ತಿದಳು.

"ಈಗ?"

"ಮೂರು."

ಬೀದಿಯಲ್ಲಿ ಯಾರದೋ ಮನೆಯ ರೇಡಿಯೋ ಕೇಳುತ್ತಿತ್ತು. ಅಮ್ಮನ ಕೈ ಜೇಬಿನಲ್ಲೇ ಇತ್ತು. ಅವಳು ಮಾತಾಡಲಿಲ್ಲ. ಅವಳು ಮಾತಾಡದೇ ಇದ್ದದ್ದರಿಂದ ಅವನಿಗೆ ತಿಳಿಯಿತು. ಅವನ ಮುಖದ ಬಣ್ಣ ಹಣೆಯಿಂದ ಕೆಳಕ್ಕೆ ಇಳಿಯಿತು. ಆದರೂ ಕಣ್ಣು ಅಲುಗಿಸಲಿಲ್ಲ, ಅವಳು ಹೇಳಿದಂತೆ ಮೂಗನ್ನೇ ನೋಡುತ್ತ, ಮಂಡಿ ಕೊಂಚ ಬಾಗಿಸಿ, ಭಾರವನ್ನು ಕಾಲ್ಬೆರಳಿಗೆ ತಂದುಕೊಂಡು ನಿಂತ.

"ಇನ್ನೊಂದ್ಸಲ," ಎಂದ. "ಇನ್ನೊಂದ್ಸಲ ಕೇಳು."

ಅಮ್ಮ ಕೇಳಲಿಲ್ಲ. ಜೇಬಿನಿಂದ ಕೈ ತೆಗೆದು, ಅವನ ಎಡಗಡೆಯಿಂದ, ಅವನ ಎಡಗೈಯಲ್ಲಿದ್ದ ಕೀಲಿಯ ಕಡೆಗೆ ಚಾಚಿದಳು. ಆ ಕೈ ಅಷ್ಟು ದೂರ ಬರುವುದನ್ನು ನಾನು ನೋಡಿದೆ, ಅಜ್ಜಿ ನೋಡಿದಳು. ಮುಟ್ಟುವ ತನಕ ಅವನಿಗೆ ತಿಳಿಯಲಿಲ್ಲ. ಮುಟ್ಟಿದಾಗ ಬೆಚ್ಚಿ ಮುಷ್ಟಿ ಬಿಗಿ ಹಿಡಿದ. ಆಮೇಲೆ, ಒಂದೊಂದೇ ಬೆರಳಾಗಿ, ಬಿಟ್ಟ.